ಬಾಯಲ್ಲಿ ಹೇಳೋ ವಿಜ್ಞಾನಿಗಳು ಬರೆದು ಯಾಕ ಕೊಡಂಗಿಲ್ಲ?

ಮಾನ್ವಿ ಅಂಗಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ್ರಿ. ಮಾನ್ವಿಯೊಳಗ ನಂದೊಂದು ಬೀಜ, ಗೊಬ್ಬರ, ಎಣ್ಣಿ ಅಂಗಡಿ ಐತಿ. ಹತ್ತೊಂಬತ್ತು ವರ್ಷ ಆತು. ಹೊರಗಿನವರಿಗೆ ಹೇಳಿಬಿಡ್ತೀನಿ, ನಮ್ಮ ಕಡೆ ಕೀಟನಾಶಕಕ್ಕ ಎಣ್ಣಿ ಅಂತಾರ. ಕುಡಿಯೋ ಎಣ್ಣಿ ಅಂಗಡಿ ರೋಡಿನ ಆಚೆ ಕಡಿ ಐತಿ, ಅದು ನಂದಲ್ಲ. ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಬರೆಯಾಕ ಕೂತರ ಅರ್ಧ ಪುಸ್ತಕದ ಭಾಷೆ, ಅರ್ಧ ಮನಿ ಭಾಷೆ ಬರ್ತದ. ತಿದ್ದಿಕೊಂಡು ಓದ್ರಿ.

ಪ್ರಶ್ನೆ ಇಷ್ಟ. ಜ್ವರ ಬಂದರ ಡಾಕ್ಟರ್ ನಾಡಿ ನೋಡಿ ಚೀಟಿ ಬರೀತಾರ, ಕೆಳಗ ಸಹಿ ಹಾಕ್ತಾರ, ಔಷಧದ ಅಂಗಡಿಯವ ಆ ಚೀಟಿ ನೋಡಿ ಗುಳಿಗಿ ಕೊಡ್ತಾನ. ಬೆಳಿಗೆ ರೋಗ ಬಂದರ ನೋಡೋನೂ ನಾನ, ಬರಿಯೋನೂ ನಾನ, ಮಾರೋನೂ ನಾನ. ಹೊಲದ ವಿದ್ಯಾ ಓದಿ, ಪಿಎಚ್‌ಡಿ ಮಾಡಿ, ಅದಕ್ಕಂತಲೇ ಸಂಬಳ ತಗೊಳ್ಳೋ ವಿಜ್ಞಾನಿಗಳು ಒಂದು ಚೀಟಿ ಬರೆದು ಸಹಿ ಮಾಡಿ ಯಾಕ ಕೊಡಂಗಿಲ್ಲ?

ಜಗಳಕ್ಕ ಕೇಳಾಕತ್ತಿಲ್ಲ. ಅವರ ಮ್ಯಾಲ ನನಗ ಗೌರವ ಐತಿ. ಅದು ಹೆಂಗ ಬಂತು ಅಂತ ಮೊದಲು ಹೇಳ್ತೀನಿ.

ನಮ್ಮಂಥ ಅಂಗಡಿಯವರಿಗೆ ದೇಸಿ ಅನ್ನೋ ಡಿಪ್ಲೊಮಾ ಐತಿ. ಹೈದರಾಬಾದಿನಾಗ ಕೃಷಿ ವಿಸ್ತರಣೆ ತರಬೇತಿ ಕೊಡೋ ಮ್ಯಾನೇಜ್ ಸಂಸ್ಥೆ 2003ರಾಗ ಶುರು ಮಾಡಿದ್ದು. ವಾರಕ್ಕೊಂದು ದಿನದಂಗ 48 ವಾರ, ಅದರಾಗ 40 ಪಾಠ, 8 ಹೊಲದ ಭೇಟಿ. ನಾನು 2021ರಾಗ ಸೇರಿದೆ. ಸರ್ಟಿಫಿಕೇಟ್ ಇದ್ದರ ಲೈಸೆನ್ಸಿಗೆ ತ್ರಾಸ ಇರಂಗಿಲ್ಲ ಅಂತ ಸೇರಿದ್ದು, ಕಲಿಯೋ ಆಸೆಗಲ್ಲ. ಮೊದಲನೇ ವಾರ ಹಿಂದಿನ ಬೆಂಚಿನಾಗ ಕೂತು ಮೊಬೈಲ್ ನೋಡ್ಕೊಂತ ಇದ್ದೆ. ಎರಡನೇ ವಾರ ಕೀಟಶಾಸ್ತ್ರದ ಸರ್ ಒಬ್ಬರು ಬಂದರು. ಬೋರ್ಡಿನ ಕಡಿ ಹೋಗಲೇ ಇಲ್ಲ. ಚೀಲದಿಂದ ಎಂಟ್ಹತ್ತು ಹತ್ತಿಕಾಯಿ ತೆಗೆದು ಮೇಜಿನ ಮ್ಯಾಲ ಉರುಳಿಸಿ, "ಚಲೋ ಕಾಯಿ ಆರಿಸ್ರಿ" ಅಂದರು. ನಾವು ನಲವತ್ತು ಮಂದಿ, ಎಲ್ಲರೂ ಬೀಜ ಮಾರೋರು, ಗತ್ತಿನಿಂದ ಆರಿಸಿದಿವಿ. "ಈಗ ಒಡೀರಿ" ಅಂದರು. ನಾವು ಆರಿಸಿದ ಕಾಯಿ ಒಳಗ ಗುಲಾಬಿ ಹುಳ ಮಲಗಿತ್ತು. ಹೊರಗ ಒಂದು ತೂತು ಇಲ್ಲ.

ಆಮ್ಯಾಲ ಒಂದು ಸಣ್ಣ ಪ್ಯಾಕೆಟ್ ತೋರಿಸಿದರು. ಕಾಯಿಹುಳ ಕೊಲ್ಲೋ ಗುಣ ಗಿಡದೊಳಗ ಇರೋ ಬಿಟಿ ಹತ್ತಿಯ 450 ಗ್ರಾಂ ಪ್ಯಾಕೆಟ್ ಜೋಡಿ 120 ಗ್ರಾಂ ಬಿಟಿ ಇಲ್ಲದ ಬೀಜ ಬರ್ತಿತ್ತಲ್ಲ, ಅದು. ಹೊಲದ ಸುತ್ತ ಹಾಕಬೇಕಂತ ಕೊಡ್ತಿದ್ದರು. ನನ್ನ ಅಂಗಡಿ ಮುಂದಿನ ಗಟಾರದಾಗ ಅದು ಎಷ್ಟು ಬಿದ್ದಾವ ಲೆಕ್ಕ ಇಲ್ಲ. ರೈತ ಬಿಸಾಕಿ ಹೋಗ್ತಿದ್ದ, "ಅದು ಪುಗಸಟ್ಟೆ, ಬ್ಯಾಡ ಬಿಡು" ಅಂತ ನಾನೂ ಅಂತಿದ್ದೆ. ಬಿಟಿ ತಿಂದೂ ಬದುಕಿದ ಹುಳಕ್ಕ ಕೂಡಾಕ ಬಿಟಿ ತಿನ್ನದ ಹುಳ ಸಿಗಬೇಕು, ಆಗ ಮರಿಯೊಳಗ ಆ ತಾಕತ್ತು ತೆಳ್ಳಗಾಗ್ತದ, ಅದಕ್ಕ ಈ ಪ್ಯಾಕೆಟ್ ಅಂತ ಸರ್ ಹೇಳಿದರು. ಹದಿನೈದು ವರ್ಷ ಹತ್ತಿ ಬೀಜ ಮಾರಿದವಗ ಅವತ್ತು ಗೊತ್ತಾತು. ಮುಂದಿನ ವಾರದಿಂದ ಮೊದಲನೇ ಬೆಂಚು.

ಈಗ ಮೆಣಸಿನಕಾಯಿ ಕತಿ. ಅದೇ 2021, ಚಳಿಗಾಲ. ಹೂವಿನೊಳಗ ಕರ್ರಗಿನ ನುಸಿ ಕಾಣಾಕ ಹತ್ತಿತು. ನಾವು ಕಂಡಿದ್ದ ನುಸಿ ಎಲಿ ಕೆಳಗ ಇರ್ತಿತ್ತು, ಇದು ಹೂವ ಬಿಟ್ಟು ಬರವಲ್ದು. ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನೋ ಹೆಸರು ಆಮ್ಯಾಲ ಕಲಿತದ್ದು. 2015ರಾಗ ಬೆಂಗಳೂರಿನ ಕಡಿ ಪಪ್ಪಾಯಿ ಮ್ಯಾಲ ಸಿಕ್ಕಿತ್ತಂತ. ಆರು ವರ್ಷಕ್ಕ ಆಂಧ್ರ, ತೆಲಂಗಾಣ, ನಮ್ಮ ಮೆಣಸಿನಕಾಯಿ ಎಲ್ಲಾ ಸೇರಿ ಹೊಡೀತು. ಒಂದು ಸಂಜಿ ಏಳೂವರಿಗೆ ನನ್ನ ಖಾಯಂ ಗಿರಾಕಿ ಒಬ್ಬ ಕ್ಯಾರಿಬ್ಯಾಗಿನಾಗ ಹೂವ ತುಂಬಿಕೊಂಡು ಬಂದ. ನಾಕು ಎಕರೆ, ಲೀಜಿನ ಹೊಲ. ನನ್ನ ಹತ್ರ ಉದ್ರಿ ಆಗಲೇ ಒಂದು ಲಕ್ಷದ ಮ್ಯಾಲ. ನಾನು ಸರ್‌ಗೆ ಫೋನ್ ಹಚ್ಚಿದೆ. ಎತ್ತಿದರು, ಅದು ದೊಡ್ಡ ಗುಣ. "ಇಲ್ಲೀತನಕ ಎಷ್ಟು ಸಲ ಹೊಡ್ದಾರ?" ಅಂತ ಕೇಳಿದರು. ರೈತ ಬೆರಳು ಎಣಿಸಿ ಹನ್ನೊಂದು ಅಂದ. ಸರ್ ಉಸಿರು ಬಿಟ್ಟದ್ದು ಫೋನಿನಾಗ ಕೇಳಿತು. ಯೂರಿಯಾ ನಿಲ್ಲಿಸು, ಹಳೇ ಎಣ್ಣಿ ನಿಲ್ಲಿಸು, ನುಸಿ ತಿನ್ನೋ ಹುಳ ಎಲ್ಲಾ ಸತ್ತಾವ, ನೀಲಿ ಅಂಟು ಹಾಳಿ ಕಟ್ಟಿಸು ಅಂತ ಹತ್ತು ನಿಮಿಷ ಹೇಳಿದರು. ಕೊನೀಗೆ, ಹೊಡೀಲೇಬೇಕಂದರ ಅಂತ ಎರಡು ಎಣ್ಣಿ ಹೆಸರು ಹೇಳಿ, ಕೂಡಿಸಿ ಒಂದ ಸಲ ಹೊಡಸು ಅಂದರು.

"ಸರ್, ಇದನ್ನ ವಾಟ್ಸ್ಯಾಪಿನಾಗ ಬರೆದು ಹಾಕ್ರಿ, ರೈತಗ ತೋರಸ್ತೀನಿ" ಅಂದೆ.

ಕಾಲುವಿ ಗೇಟ್ ಇಳಿಸಿದಂಗ ಮಾತು ನಿಂತಿತು. "ಬರೆದು ಬ್ಯಾಡಪ. ಬಾಯಲ್ಲಿ ಹೇಳೀನಲ್ಲ. ನಿನ್ನ ಅನುಭವದ ಮ್ಯಾಲ ಕೊಡು."

ಕೊಟ್ಟೆ. ಬಿಲ್ಲಿನ ಮ್ಯಾಲ ನನ್ನ ಲೈಸೆನ್ಸ್ ನಂಬರ್, ನನ್ನ ಜಿಎಸ್‌ಟಿ, ನನ್ನ ಸಹಿ. ಬೆಳಿ ಉಳೀಲಿಲ್ಲ. ಸರ್ ಹೇಳಿದ್ದು ತಪ್ಪು ಅಂತ ನಾನು ಅನ್ನಂಗಿಲ್ಲ, ಹನ್ನೊಂದು ಸಲ ಹೊಡೆದ ಹೊಲ ಅದು, ಯಾರು ಬಂದರೂ ಉಳಸ್ತಿರಲಿಲ್ಲ. ಆದರ ರೈತ ಬಂದು ಕೂತದ್ದು ನನ್ನ ಅಂಗಡಿ ಕಟ್ಟಿ ಮ್ಯಾಲ. ಬೈಲಿಲ್ಲ. ಬೈದಿದ್ದರ ಚಲೋ ಇತ್ತು. ಎರಡು ತಿಂಗಳ ಮ್ಯಾಲ ಒಂದು ಸಭೆಗೆ ನಮ್ಮನ್ನ ಕರೆಸಿದರು. ಗೋಡಿ ಮ್ಯಾಲ ಕಂಬ ಕಂಬದ ಚಿತ್ರ ಬಿಟ್ಟು, ವಿಜ್ಞಾನಿಗಳ ಸಲಹೆ ಇಲ್ಲದ ಅಂಗಡಿಯವರು ಸ್ವಂತ ಬುದ್ಧಿಯಿಂದ ಎಣ್ಣಿ ಕೊಡೋದ ಈ ಅನಾಹುತಕ್ಕ ದೊಡ್ಡ ಕಾರಣ ಅಂತ ಭಾಷಣ ಆತು. ನಾನು ಎರಡನೇ ಸಾಲಿನಾಗ ಕೂತಿದ್ದೆ. ಅತಿ ಎತ್ತರದ ಕಂಬದೊಳಗ ನಾನೂ ಇದ್ದೆ.

ನಾನೂ ಸಾಚಾ ಅಲ್ಲ, ಅದನ್ನೂ ಬರೆದುಬಿಡ್ತೀನಿ. ಮಾರ್ಜಿನ್ ಜಾಸ್ತಿ ಇರೋ ಡಬ್ಬಿ ಕೈಗೆ ಸಿಗೋ ರ್‍ಯಾಕಿನಾಗ ಇಡ್ತೀನಿ. ಟಾರ್ಗೆಟ್ ಮುಟ್ಟಿದ್ದಕ್ಕ ಕಂಪನಿಯವರು ಬ್ಯಾಂಕಾಕ್ ತೋರಿಸ್ಯಾರ. ಅದಕ್ಕ ಕೇಳಾಕತ್ತೀನಿ: ನನ್ನಂಥವನ ಕೈಯಾಗ ಚೀಟಿ ಬಿಟ್ಟು ಓದಿದವರು ದೂರ ನಿಂತರ ಹೆಂಗ?

ಸಿರಗುಪ್ಪ ಹುಡುಗ:

ಅಣ್ಣಾ, ಮೊದಲು ಬ್ಯಾಂಕಾಕ್ ಫೋಟೋ ಹಾಕ್ರಿ.

ನಿವೃತ್ತ ವಿಸ್ತರಣೆ:

ಮಾನ್ವಿಯವರೇ, ನಾನು ಮೂವತ್ತೊಂದು ವರ್ಷ ಕೃಷಿ ವಿಸ್ತರಣೆಯ ಕೆಲಸ, ಅಂದರೆ ಸಂಶೋಧನೆಯನ್ನು ರೈತರಿಗೆ ತಲುಪಿಸುವ ಕೆಲಸ ಮಾಡಿ ನಿವೃತ್ತನಾದವನು. ಈಗ ರಾಯಚೂರಿನಲ್ಲೇ ಇದ್ದೇನೆ. ನಿಮ್ಮ ಕೀಟಶಾಸ್ತ್ರದ ಸರ್ ನಾನಲ್ಲ, ಆದರೆ ಆ ಫೋನಿನ ಆಚೆ ತುದಿಯಲ್ಲಿ ನಾನೂ ಇರಬಹುದಿತ್ತು. "ಬರೆದು ಬೇಡ" ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ.

ಕಾರಣ ಅಂಜಿಕೆಯೊಂದೇ ಅಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಪ್ರತಿಯೊಂದು ಔಷಧವೂ ಇಂಥ ಬೆಳೆಗೆ, ಇಂಥ ಕೀಟಕ್ಕೆ, ಇಷ್ಟು ಪ್ರಮಾಣ ಎಂದು ನೋಂದಣಿಯಾಗಿರುತ್ತದೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಇಲ್ಲದ ಬೆಳೆಗೆ ಅದನ್ನು ಶಿಫಾರಸು ಮಾಡಲು ಸರಕಾರಿ ಸಂಬಳದ ವಿಜ್ಞಾನಿಗೆ ಬರುವುದಿಲ್ಲ. ಎರಡು ಔಷಧ ಕೂಡಿಸಿ ಹೊಡೆಯಿರಿ ಎಂದು ಬರೆಯುವುದಂತೂ ಇನ್ನೂ ಕಷ್ಟ. ಹೊಸ ಶಿಫಾರಸು ಬೇಸಾಯ ಪದ್ಧತಿಯ ಪುಸ್ತಕಕ್ಕೆ ಏರಬೇಕಾದರೆ ಬೇರೆ ಬೇರೆ ಕಡೆ ಎರಡು ಮೂರು ಹಂಗಾಮು ಪ್ರಯೋಗ ನಡೆಯಬೇಕು, ಕಾರ್ಯಾಗಾರದಲ್ಲಿ ಒಪ್ಪಿಗೆಯಾಗಬೇಕು. ನುಸಿ ಮೂರು ಹಂಗಾಮು ಕಾಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಎರಡು ವಿದ್ಯೆ ಬೆಳೆದಿದೆ: ಒಂದು ಪುಸ್ತಕದ್ದು, ಸಹಿ ಇರುವಂಥದ್ದು, ತಡವಾದದ್ದು. ಇನ್ನೊಂದು ಫೋನಿನದ್ದು, ಅವತ್ತಿನದ್ದು, ಹೆಸರಿಲ್ಲದ್ದು.

ನಾನು ಒಂದು ಸಲ ಬರೆದುಕೊಟ್ಟೆ. ಕೊಪ್ಪಳ ಜಿಲ್ಲೆಯಲ್ಲಿ ದಾಳಿಂಬೆಗೆ ದುಂಡಾಣು ಅಂಗಮಾರಿ ಹಬ್ಬಿದ್ದ ಕಾಲ. ಕುಷ್ಟಗಿ ಕಡೆಯ ಒಂದು ತೋಟಕ್ಕೆ ಹೋಗಿ ನೋಡಿದರೆ ಒಂದು ಗಿಡವೂ ಉಳಿಯುವ ಹಾಗಿರಲಿಲ್ಲ. "ಗಿಡ ಕಡಿದು ಸುಡಿ, ತೋಟಕ್ಕೆ ವಿರಾಮ ಕೊಡಿ" ಎಂದು ಹಾಳೆಯ ಮೇಲೆ ಬರೆದು ಸಹಿ ಹಾಕಿದೆ. ಶಾಸ್ತ್ರದ ಪ್ರಕಾರ ಇಂದಿಗೂ ಅದು ಸರಿಯೇ. ಆದರೆ ಆ ಗಿಡಗಳ ಮೇಲೆ ಬ್ಯಾಂಕಿನ ಸಾಲ ಇತ್ತು, ಗಿಡ ಇದ್ದರೆ ತಾನೇ ಸಾಲ ನವೀಕರಣ. ಅದನ್ನು ನಾನು ಕೇಳಲೇ ಇಲ್ಲ. ಎಲೆ ನೋಡಿದೆ, ಪಾಸ್‌ಬುಕ್ ನೋಡಲಿಲ್ಲ. ರೈತ ಆ ಹಾಳೆ ಹಿಡಿದುಕೊಂಡು ಊರಿನ ದೊಡ್ಡವರ ಬಳಿ ಹೋದ. ಮೇಲಿನಿಂದ ನನಗೆ ವಿವರಣೆ ಕೇಳಿ ಪತ್ರ ಬಂತು. ಅಲ್ಲಿಂದ ಮುಂದೆ ನಾನೂ ಬಾಯಿಮಾತಿನ ವಿಜ್ಞಾನಿಯಾದೆ.

ಒಂದು ಮಾತು ಕೇಳಲೇ? ಬೇಸರ ಮಾಡಿಕೊಳ್ಳಬೇಡಿ. ಆ ಚೀಟಿ ನಿಮಗೆ ಬೇಕಾಗಿದ್ದು ರೈತನಿಗಾಗಿಯೋ, ನಿಮ್ಮ ಕಟ್ಟೆಯ ಮೇಲೆ ಯಾರೂ ಬಂದು ಕೂರದಿರಲಿ ಎಂದೋ?

ಮಾನ್ವಿ ಅಂಗಡಿ:

ಎರಡಕ್ಕೂ ಸರ್. ಸುಳ್ಳು ಯಾಕ ಹೇಳಲಿ. ಮೊದಲು ಎರಡನೇದು, ಆಮ್ಯಾಲ ಮೊದಲನೇದು.

ಪಾಸ್‌ಬುಕ್ ಅಂದಿರಲ್ಲ, ಅದು ನನ್ನ ಹತ್ರ ಐತಿ ನೋಡ್ರಿ. ಯಾರ ಹೊಲ ಲೀಜಿಂದು, ಯಾರ ಮಗಳ ಮದುವಿ ಯಾವಾಗ, ಯಾರು ಯಾವ ಬಡ್ಡಿಗೆ ತಂದಾರ, ಎಲ್ಲಾ ನನ್ನ ಉದ್ರಿ ಬುಕ್ಕಿನಾಗ ಐತಿ. ಹುಳದ ಲೆಕ್ಕ ನಿಮ್ಮ ಹತ್ರ, ರೊಕ್ಕದ ಲೆಕ್ಕ ನನ್ನ ಹತ್ರ. ರೈತ ನನ್ನ ಹತ್ರ ಬರೋದು ನಾನು ಶಾಣ್ಯಾ ಅಂತಲ್ಲ, ಉದ್ರಿ ಕೊಡ್ತೀನಿ ಅಂತ.

ಮೈಲ್ 104ರ ಕೆಳಗ:

ಮೇಷ್ಟ್ರ, ನಾ ಅಂಗಡ್ಯಾಂವ ಅಲ್ಲ, ನೌಕರದಾರನೂ ಅಲ್ಲ. ತುಂಗಭದ್ರಾ ಎಡದಂಡೆ ನಾಲಿಯ ಕೊನೀ ಭಾಗದ ರೈತ. ನಮಗ ನಾಲಿ ನೀರು ಅಳೆಯೋ ಮೈಲ್ 104ರ ಗೇಜ್ ಅಂದ್ರ ದೇವರ ಗುಡಿ ಗಂಟಿ ಇದ್ದಂಗ, ಅದು ಬಡದ್ರ ನೀರು, ಇಲ್ಲಾಂದ್ರ ಧರಣಿ. ನೀವೆಲ್ಲಾ ಚೀಟಿ ಬರೀಲಿಲ್ಲ ಅಂತ ಜಗಳ ಮಾಡಾಕತ್ತೀರಿ, ನಮ್ಮ ಕತಿ ತಿರುವು. ನಮಗ ಚೀಟಿ ಐತಿ, ಸಹಿ ಐತಿ, ಸೀಲೂ ಐತಿ.

ಡ್ಯಾಮ್ 1953ರಾಗ ಮುಗೀತು. ಆವಾಗಿನ ತಜ್ಞರು ಕುಂತು ಯಾವ ಸರ್ವೆ ನಂಬರಿಗೆ ಯಾವ ಬೆಳಿ ಅಂತ ಬರದಾರ. ಭತ್ತಕ್ಕ ಸ್ವಲ್ಪ, ಉಳಿದಿದ್ದೆಲ್ಲಾ ಜ್ವಾಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ. ಬರದದ್ದು ಹಾಳಿ ಮ್ಯಾಲೇ ಉಳದೈತಿ. ಮ್ಯಾಲ ಗಂಗಾವತಿ, ಸಿಂಧನೂರು ಕಡಿ ಕಣ್ಣು ಹಾಯಿಸಿದಷ್ಟೂ ಭತ್ತ. ಅವರ ಹೊಲದಾಗ ನೀರು ನಿಂತು ಸವಳು, ನಮ್ಮ ಹೊಲಕ್ಕ ನೀರ ಬರದ ಬಿರುಕು. ಸವಳಿನ ಮ್ಯಾಲ ಗಂಗಾವತಿ ಕೇಂದ್ರದಾಗ ವರ್ಷಗಟ್ಟಲೆ ಸಂಶೋಧನಾ ನಡದೈತಿ, ಚಲೋ ಕೆಲಸ ಮಾಡ್ಯಾರ, ನಾ ಹೋಗಿ ನೋಡೀನಿ. ಭೂಮಿಯೊಳಗ ಪೈಪ್ ಹಾಕಿ ಉಪ್ಪು ನೀರು ತಗಿಯೋದು ತೋರಿಸಿದ್ರು. ನಾ ಕೇಳಿದೆ, "ಸರ್, ಉಪ್ಪು ತಗಿಯೋದು ಹೇಳಿದ್ರಿ, ಮ್ಯಾಲಿನವರು ಭತ್ತ ಹಚ್ಚೋದು ನಿಲ್ಲಸ್ರಿ ಅಂತ ಮುನಿರಾಬಾದಿನ ನೀರಾವರಿ ಸಭಾದಾಗ ಯಾರು ಹೇಳಬೇಕು?" ನಕ್ಕು, "ಅದು ನಮ್ಮ ವಿಷಯ ಅಲ್ಲರೀ" ಅಂದ್ರು. ಮಣ್ಣು ಅವರ ವಿಷಯ, ನೀರು ಬ್ಯಾರೆಯವರ ವಿಷಯ, ರಾಜಕಾರಣ ಯಾರ ವಿಷಯನೂ ಅಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಹರದು ಗೇಟು ಕೊಚ್ಚಿ ಹೋತಲ್ಲ, ಆ ವಾರ ನಮಗ ನಿದ್ದಿ ಇಲ್ಲ. 33 ಗೇಟಿನಾಗ ಒಂದು ಹೋದ್ರ ಎರಡೂ ಬೆಳಿ ಹೋದಂಗ. ಟಿವಿಯಾಗ ದಿನಕ್ಕ ಹತ್ತು ಮಂದಿ ತಜ್ಞರು ಬಂದು ಡ್ಯಾಮಿನ ಆಯುಸ್ಸು ಹೇಳಿದ್ರು. ಕಡೀಗೆ ಕನ್ನಯ್ಯ ನಾಯ್ಡು ಅಂತ ಗೇಟಿನ ಕೆಲಸದಾಗ ಮುದುಕಾದ ಎಂಜಿನಿಯರ್ ಬಂದು, ನೀರು ಹರಿಯುವಾಗಲೇ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ಅಡ್ಡಪಟ್ಟಿ ಇಳಿಸಿ ವಾರದೊಳಗ ನೀರು ನಿಲ್ಲಿಸಿದ್ರು. ಕ್ಯಾಮೆರಾ ಮುಂದ ನಿಂತು ಹಿಂಗ ಮಾಡ್ತೀನಿ ಅಂದ್ರು, ಹಂಗ ಮಾಡಿದ್ರು. ತಪ್ಪಿದ್ರ ನಾಡಿಗೆಲ್ಲ ಗೊತ್ತಾಗ್ತಿತ್ತು. ನನ್ನ ಮಟ್ಟಿಗೆ ಸಹಿ ಅಂದ್ರ ಅದು, ಹಾಳಿ ಮ್ಯಾಲಿಂದಲ್ಲ.

ಕೊಪ್ಪಳ ಉಪನ್ಯಾಸಕ:

ಮೇಲಿನವರ ಮಾತಿಗೆ ಒಂದು ಸಣ್ಣ ತಕರಾರು. ಹಾಳೆಯ ಮೇಲಿನ ಸಹಿಗೂ ಬಲ ಇರುತ್ತದೆ, ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಪ್ರಾದೇಶಿಕ ಅಸಮತೋಲನದ ಬಗ್ಗೆ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ "ಉತ್ತರ ಕರ್ನಾಟಕ ಹಿಂದುಳಿದಿದೆ" ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹಿಡಿದು ಬರೆದರು. ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು. ಜೊತೆಗೆ ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಬೇಕು ಅಂದರು. ತಾಲ್ಲೂಕಿನ ಹೆಸರು, ರೂಪಾಯಿಯ ಮೊತ್ತ: ಸರಕಾರಕ್ಕೆ ಓದಲು ಬರುವುದು ಇವೆರಡೇ. ಪಾಠ ಮಾಡಿ, ಯೋಜನೆಯ ಫೈಲುಗಳ ನಡುವೆಯೂ ಕೂತು ಬಂದಿದ್ದರಿಂದ ಅವರಿಗೆ ಅದು ಗೊತ್ತಿತ್ತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬೇಕೆಂದು ಬೀದಿಗಿಳಿದವರ ಬಾಯಲ್ಲೂ ಆ ವರದಿ ಇತ್ತು. ಓದಿದ್ದವರು ಎಷ್ಟು ಜನವೋ, ಅದು ಬೇರೆ ಮಾತು.

ಮೈಲ್ 104ರ ಕೆಳಗ:

ವರದಿ ಬಂತು ಸರ್, ಒಪ್ಪಿದೆ. ಹಿಂದುಳಿದೀವಿ ಅಂತ ನಮಗ ಮೊದಲ ಗೊತ್ತಿತ್ತು, ಈಗ ಎಷ್ಟನೇ ನಂಬರ್ ಅಂತ ಗೊತ್ತಾತು.

ರಾಯಚೂರು ವಕೀಲ:

ಮೂಲ ಪ್ರಶ್ನೆಗೆ ಬರುತ್ತೇನೆ. ಡಾಕ್ಟರ್ ಸಹಿ ಹಾಕುವುದು ಧೈರ್ಯವಂತ ಅಂತಲ್ಲ. ಆ ಸಹಿಯ ಹಿಂದೆ ಕಾನೂನು ಬೆಳೆದು ನಿಂತಿದೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರನ್ನು ಗ್ರಾಹಕ ಕಾಯ್ದೆಯೊಳಗೆ ತಂದಿತು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ, ತೀರ್ಮಾನ ತಪ್ಪಿತು ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ ಎಂದೂ ಹೇಳಿತು. ಅಂದರೆ ಎಲ್ಲಿಯವರೆಗೆ ಹೊಣೆ, ಎಲ್ಲಿಂದ ಆಚೆ ಇಲ್ಲ ಅನ್ನುವುದು ವೈದ್ಯರಿಗೆ ಗೊತ್ತು. ಬಳ್ಳಾರಿಯ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಪ್ರೊಫೆಸರೇ ಒಪಿಡಿಯಲ್ಲಿ ಕೂತು ರೋಗಿಯನ್ನು ನೋಡುತ್ತಾರೆ. ಪಾಠ ಬೇರೆ, ವೃತ್ತಿ ಬೇರೆ ಎಂಬ ಗೋಡೆಯೇ ಅಲ್ಲಿ ಇಲ್ಲ. ನಮ್ಮಲ್ಲಿ ಇದೆ. ಪೂರ್ಣಾವಧಿ ಸಂಬಳದ ನೌಕರ ವಕೀಲಿ ಮಾಡುವಂತಿಲ್ಲ. ವಕೀಲ ಬೇಕಾದರೆ ದಿನಕ್ಕೆ ಮೂರು ತಾಸಿನೊಳಗೆ ಕಾನೂನು ಪಾಠ ಹೇಳಬಹುದು. ಕೃಷಿ ವಿಜ್ಞಾನಿಯದು ಎರಡರ ನಡುವಿನ ಸ್ಥಿತಿ: ಸಲಹೆ ಕೊಡುವುದು ಕರ್ತವ್ಯ, ಆದರೆ ರೋಗಿ ಎಂದು ಯಾರೂ ಅವರ ಪಾಲಿಗಿಲ್ಲ.

ತಮಾಷೆ ಎಂದರೆ ವಿಜ್ಞಾನಿಗಳು ಅಂಜುವಷ್ಟು ಕಾನೂನು ಅವರ ಬೆನ್ನಿಗೆ ಬಿದ್ದಿಲ್ಲ. ಉಚಿತವಾಗಿ ಕೊಡುವ ಸೇವೆ ಗ್ರಾಹಕ ಕಾಯ್ದೆಯಡಿ ಸೇವೆಯೇ ಅಲ್ಲ. ಅವರ ಅಂಜಿಕೆಯೆಲ್ಲ ಇಲಾಖೆಯ ಪತ್ರದ್ದು, ಕೋರ್ಟಿನದ್ದಲ್ಲ. ದುಡ್ಡು ತೆಗೆದುಕೊಂಡು ಡಬ್ಬಿ ಕೊಟ್ಟವರು ನೀವು. ಹಾಗಾಗಿ ಮಾನ್ವಿಯವರೇ, ಕಾನೂನಿಗೆ ಪರಿಚಯ ಇರುವುದು ನಿಮ್ಮದು ಮಾತ್ರ.

ಸಾಕ್ಷಿಯ ಕಟಕಟೆಯದು ಬೇರೆಯೇ ಕಥೆ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೈತರ ಪರ ಮುಖ್ಯವಾದ ಮಾತು ಹೇಳಿತು: ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಪ್ರಯೋಗಾಲಯಕ್ಕೆಂದು ಒಂದು ಮುಷ್ಟಿ ಎತ್ತಿಡಬೇಕಿತ್ತು ಎಂದು ನಿರೀಕ್ಷಿಸಲಾಗದು. ಅಲ್ಲಿಂದ ಹೊಲಕ್ಕೆ ಬಂದು ನೋಡಿದವರ ವರದಿಗೆ ಬೆಲೆ ಹೆಚ್ಚಿತು. ನನ್ನ ಒಂದು ಬೀಜದ ಕೇಸಿನಲ್ಲಿ ತಜ್ಞರ ವರದಿ ಹೀಗೆ ಮುಗಿದಿತ್ತು: "ಬೀಜದ ದೋಷವಿರಬಹುದು, ಹವಾಮಾನವೂ ಇರಬಹುದು, ಬೇಸಾಯ ಕ್ರಮವೂ ಇರಬಹುದು." ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ತಜ್ಞರ ಅಭಿಪ್ರಾಯ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 45ನೇ ಕಲಂ, 2024ರ ಜುಲೈ 1ರಿಂದ ಹೊಸದರಲ್ಲಿ 39ನೇ ಕಲಂ. ಕಲಂ ಬದಲಾಯಿತು, "ಇರಬಹುದು" ಬದಲಾಗಲಿಲ್ಲ.

ಪಿಎಚ್‌ಡಿ ಮೂರನೇ ವರ್ಷ:

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಕೃಷಿ ವಿಸ್ತರಣೆಯ ಸಂಶೋಧನಾ ವಿದ್ಯಾರ್ಥಿನಿ. ಮಾನ್ವಿ ಅಣ್ಣ, ನೀವು ಗೋಡೆಯ ಮೇಲೆ ನೋಡಿದಂಥ ಕಂಬದ ಚಿತ್ರವನ್ನು ನಾನೂ ಮಾಡಿದ್ದೇನೆ. ಅದು ಹೇಗೆ ತಯಾರಾಗುತ್ತದೆ ಗೊತ್ತೇ? ಅಂಗಡಿಗೆ ಬಂದು ಪ್ರಶ್ನಾವಳಿ ಕೊಡುತ್ತೇವೆ. "ಯಾರ ಸಲಹೆಯ ಮೇಲೆ ಕೀಟನಾಶಕ ಕೊಡುತ್ತೀರಿ?" ಕೆಳಗೆ ನಾಲ್ಕು ಚೌಕ: ಕಂಪನಿ ಪ್ರತಿನಿಧಿ, ಇತರ ಅಂಗಡಿಯವರು, ವಿಜ್ಞಾನಿ ಅಥವಾ ಅಧಿಕಾರಿ, ಸ್ವಂತ ಅನುಭವ. ಗಲ್ಲಾದ ಹಿಂದೆ ಕೂತವರು ಗಿರಾಕಿ ಕಡೆ ಒಂದು ಕಣ್ಣಿಟ್ಟುಕೊಂಡೇ "ಅನುಭವದ ಮ್ಯಾಲ ಕೊಡ್ತೀವಮ್ಮ" ಅನ್ನುತ್ತಾರೆ. ನಾನು ಟಿಕ್ ಹಾಕುತ್ತೇನೆ.

ನಿಮ್ಮ ಪೋಸ್ಟ್ ಓದಿದ ಮೇಲೆ ಹೊಳೆಯಿತು. ನಿಮ್ಮ ಸರ್ ಫೋನಿನಲ್ಲಿ ಹೇಳಿ "ನಿನ್ನ ಅನುಭವದ ಮ್ಯಾಲ ಕೊಡು" ಅಂದರಲ್ಲ, ಆ ಸಲಹೆ ನನ್ನ ಕಾಗದದಲ್ಲಿ ಯಾವ ಚೌಕಕ್ಕೆ ಹೋಗುತ್ತದೆ? ಸ್ವಂತ ಅನುಭವಕ್ಕೆ. ವಿಜ್ಞಾನಿ ಹೇಳಿದ್ದು ದಾರಿಯಲ್ಲೇ ಅಂಗಡಿಯವನದ್ದಾಗಿ, ಅಂಗಡಿಯವನ ತಪ್ಪಾಗಿ, ವಾಪಸ್ ವಿಜ್ಞಾನಿಯ ಸಭೆಯ ಗೋಡೆಯ ಮೇಲೆ ಬರುತ್ತದೆ. ಪ್ರಬಂಧ ಪ್ರಕಟವಾದರೆ ಆ ಸಂಶೋಧನಾ ಪತ್ರಿಕೆಗೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಕೊಡುವ ನಾಸ್ ಅಂಕ ನೋಡಿ ನಮಗೆ ಬೆಲೆ ಕಟ್ಟುತ್ತಾರೆ. ಅದು ಇಂಗ್ಲಿಷ್‌ನಲ್ಲಿ ಇರುತ್ತದೆ, ನೀವು ಓದುವುದಿಲ್ಲ, ಓದಿ "ಇದು ಸುಳ್ಳು" ಎಂದು ಬರೆಯುವುದಿಲ್ಲ. ನನ್ನ ಮಾರ್ಗದರ್ಶಕರಿಗೆ ಇನ್ನೂ ಹೇಳಿಲ್ಲ. ಆದರೆ ನಾಲ್ಕನೇ ಚೌಕವನ್ನು ಒಡೆದು ಮತ್ತೆ ಕೇಳಬೇಕು ಅನ್ನಿಸಿದೆ. ಅಂದರೆ ಅಂಗಡಿಗಳಿಗೆ ಮತ್ತೊಮ್ಮೆ ಅಲೆಯಬೇಕು. ಬೇಸಿಗೆಗೆ ಮೊದಲು ಮುಗಿದರೆ ಪುಣ್ಯ.

ಮಾನ್ವಿ ಅಂಗಡಿ:

ಬಾ ತಂಗಿ, ನನ್ನ ಅಂಗಡಿಯಿಂದಲೇ ಶುರು ಮಾಡು. ಚಾ ನಂದು. ಈ ಸಲ ಗಿರಾಕಿ ಕಳಿಸಿ ಮಾತಾಡ್ತೀನಿ.

ನಿವೃತ್ತ ವಿಸ್ತರಣೆ:

ವಕೀಲರ ಮಾತು ಓದಿ ರಾತ್ರಿಯೆಲ್ಲ ಯೋಚನೆ. ಒಂದು ಹೊಳೆದಿದೆ. "ಇದನ್ನು ಹೊಡೆಯಿರಿ" ಎಂದು ಬರೆಯಲು ನೋಂದಣಿ, ಪ್ರಮಾಣ, ಶಿಫಾರಸು ಎಲ್ಲ ಅಡ್ಡ ಬರುತ್ತವೆ. "ಇದನ್ನು ಹೊಡೆಯಬೇಡಿ" ಎಂದು ಬರೆಯಲು ಯಾವ ಕಾಯ್ದೆ ಅಡ್ಡ ಬರುತ್ತದೆ? ರೋಗ ಯಾವುದು, ಏನು ಬೇಡ, ಇವೆರಡನ್ನೂ ಇಷ್ಟು ವರ್ಷ ನಾವು ಬರೆದುಕೊಡಬಹುದಿತ್ತು. ಕೊಡಲಿಲ್ಲ. ಈಗ ನಾನು ನಿವೃತ್ತ, ನನ್ನ ಸಹಿಗೆ ವಿವರಣೆ ಕೇಳುವವರು ಯಾರೂ ಇಲ್ಲ. ಮಂಗಳವಾರ ಮಾನ್ವಿಗೆ ಬರಲೇ? ನಿಮ್ಮ ಕಟ್ಟೆಯ ಮೇಲೆ ಎರಡು ತಾಸು ಕೂರುತ್ತೇನೆ. ಎಲೆ, ಹೂ ತಂದವರದು ನೋಡಿ ಬರೆದುಕೊಡುತ್ತೇನೆ. ಈ ಸಲ ಪಾಸ್‌ಬುಕ್ ಬಗ್ಗೆಯೂ ಕೇಳುತ್ತೇನೆ.

ಸಿರಗುಪ್ಪ ಹುಡುಗ:

ಮೇಷ್ಟ್ರೇ, ಎಣ್ಣಿ ಅಂಗಡಿ ಕಟ್ಟಿ ಮ್ಯಾಲ ಕೂತು ಎಣ್ಣಿ ಬ್ಯಾಡ ಅಂತ ಬರೀತೀರಾ? ಅಣ್ಣ ಬಿಡ್ತಾರಾ?

ಮಾನ್ವಿ ಅಂಗಡಿ (ಮೂರು ವಾರದ ಮ್ಯಾಲ):

ಬಿಟ್ಟೀನಿ. ಸರ್ ಎರಡು ಮಂಗಳವಾರ ಬಂದಾರ. ಮೊದಲನೇ ವಾರ ಮೂರು ಮಂದಿ ಬಂದರು, ಅದರಾಗ ಒಬ್ಬ ಬಸ್ ಬರೋತನಕ ನೆರಳಿಗೆ ಕೂತವ. ಎರಡನೇ ವಾರ ಹನ್ನೆರಡು. ಒಬ್ಬ ಅಜ್ಜ ಮೆಣಸಿನ ಗಿಡ ಬೇರು ಸಮೇತ ಕಿತ್ತು ತಂದಿದ್ದ. ಸರ್ ಹೂವ ಬಿಡಿಸಿ ಬಿಳಿ ಹಾಳಿ ಮ್ಯಾಲ ಜಾಡಿಸಿದರು, ಅಜ್ಜನ ಕೈಯಾಗ ಭೂತಗನ್ನಡಿ ಕೊಟ್ಟು ಎಣಿಸು ಅಂದರು. ಅಜ್ಜ ಎಣಿಸಾಕ ಕಾಲು ತಾಸು ತಗೊಂಡ. ಆಮ್ಯಾಲ ಸರ್ ಚೀಟಿ ಬರೆದರು. ನುಸಿ ಐತಿ, ಇನ್ನೂ ಕಡಿಮಿ. ಯೂರಿಯಾ ಬ್ಯಾಡ. ಹದಿನೈದು ದಿನ ಎಣ್ಣಿ ಬ್ಯಾಡ. ನೀಲಿ ಅಂಟು ಹಾಳಿ ಕಟ್ಟು. ಮುಂದಿನ ಮಂಗಳವಾರ ಮತ್ತ ಹೂವ ತಗೊಂಡು ಬಾ. ಕೆಳಗ ಸಹಿ, ತಾರೀಖು, ಫೋನ್ ನಂಬರ್.

ಅಜ್ಜ ಚೀಟಿ ತಿರುವಿ ಮುರುವಿ ನೋಡಿ ಗಲ್ಲಾದ ಹತ್ರ ಬಂದು, "ಇದನ್ನ ಕೊಡು" ಅಂದ.

ಬ್ಯಾಡ ಅಂತ ಬರೆದ ಚೀಟಿಗೆ ನಾನು ಏನು ಮಾರಲಿ? ಚೀಟಿಯೊಳಗ ಮಾರೋದು ಒಂದ ಇತ್ತು, ನೀಲಿ ಹಾಳಿ. ರ್‍ಯಾಕೆಲ್ಲ ಹುಡುಕಿದೆ. ಹತ್ತೊಂಬತ್ತು ವರ್ಷದ ಅಂಗಡಿಯಾಗ ಒಂದು ನೀಲಿ ಹಾಳಿ ಇಲ್ಲ. ಹುಡುಗನ್ನ ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಕಳಿಸೀನಿ, ಅಜ್ಜ ಇನ್ನೂ ಕಟ್ಟಿ ಮ್ಯಾಲ ಕೂತಾನ.